ಶೇಕಡಾ ಐದರೊಳಗೆ

ಏಳನೆಯ ಚಮಚಕ್ಕೆ ಬೆವರು ಶುರುವಾಯಿತು. ಅವನು ಚಮಚವನ್ನು ಡಬ್ಬದೊಳಗೇ ನಿಲ್ಲಿಸಿ, ಕಮೋಡಿನ ಮುಚ್ಚಳ ಇಳಿಸಿ, ಅದರ ಮೇಲೆ ಕುಳಿತ. ಮೊದಲು ಕಿವಿಯ ಹಿಂದೆ ಬಿಸಿಯಾಗುತ್ತದೆ. ಆಮೇಲೆ ಎದೆ ಹೊಡೆದುಕೊಳ್ಳುತ್ತದೆ. ಆಮೇಲೆ ಕೈಕಾಲು ತಣ್ಣಗಾಗಿ, ಸಾಯುವುದು ಅಂದರೆ ಇಷ್ಟೇನಾ ಅನ್ನಿಸುತ್ತದೆ. ಆಮೇಲೆ ಏನೂ ಇಲ್ಲ. ಮುಖ ತೊಳೆದುಕೊಂಡು ಆಚೆ ಹೋಗಬಹುದು. ಐದೂವರೆ ವಾರದಲ್ಲಿ ಈ ಕ್ರಮ ಅವನಿಗೆ ಬಾಯಿಪಾಠವಾಗಿತ್ತು.

"ರೀ," ಬಾಗಿಲಾಚೆಯಿಂದ ಹೆಂಡತಿಯ ದನಿ. "ಇವತ್ತು ಸ್ಕ್ಯಾನು, ಎಂಟರ ಮೇಲೆ ನೀರೂ ಕುಡೀಬಾರದಂತೆ. ನೆನಪಿದೆ ತಾನೆ?"

"ಇದೆ."

"ನಿಮ್ಮತ್ತಿಗೆ ಫೋನ್ ಮಾಡಿದ್ರು. ರಾತ್ರಿ ಏನ್ ತಿಂದ್ರು ಅಂತ ಕೇಳಿದ್ರು."

"ಏನಂದೆ?"

"ಬೇಯಿಸಿದ ತರಕಾರಿ ಅಂದೆ." ಸ್ವಲ್ಪ ತಡೆದು, "ನಿಜ ತಾನೆ," ಅಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಅವನಿಗೆ ಎದೆ ಹೊಡೆದುಕೊಳ್ಳುವುದು ಶುರುವಾಗಿತ್ತು. ಗೋಡೆಯ ಟೈಲಿಗೆ ಹಣೆ ಒತ್ತಿಕೊಂಡು ಎಣಿಸತೊಡಗಿದ.

ಮೂರು ವರ್ಷದ ಹಿಂದೆ ಅವನು ನೂರ ಮೂವತ್ತೆಂಟು ಕಿಲೋ ಇದ್ದ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ, ಎಲ್ಲ ಇದ್ದವು. ಡಾಕ್ಟರು ಅವನ ಹೊಟ್ಟೆಯ ಚೀಲದಲ್ಲಿ ಒಂದು ಮೊಟ್ಟೆಯಷ್ಟನ್ನು ಮಾತ್ರ ಉಳಿಸಿ, ಅದನ್ನು ಕರುಳಿನ ಇನ್ನೊಂದು ಭಾಗಕ್ಕೆ ಜೋಡಿಸಿದ್ದರು. ಆಪರೇಷನ್ನಿನ ವಿಡಿಯೋ ತೋರಿಸಿದ್ದರು. ಬೆಣ್ಣೆಯ ಬಣ್ಣದ, ಊದಿಕೊಂಡ, ಮೂಲೆಗಳೆಲ್ಲ ಮೊಂಡಾದ ಏನೋ ಒಂದು. "ಇದು ನಿಮ್ಮ ಲಿವರ್. ಪೂರ್ತಿ ಕೊಬ್ಬು. ಹೀಗೇ ಬಿಟ್ಟಿದ್ರೆ ಕಲ್ಲಾಗ್ತಿತ್ತು." ಎರಡು ವರ್ಷದಲ್ಲಿ ಐವತ್ತೊಂಬತ್ತು ಕಿಲೋ ಇಳಿಯಿತು. ಸಕ್ಕರೆಯ ಮಾತ್ರೆ ನಿಂತಿತು. ಲಿವರ್ ತನ್ನ ಬಣ್ಣಕ್ಕೆ ಮರಳಿತು. ಉಳಿದದ್ದು ಹೊಟ್ಟೆಯ ಮೇಲೆ ಜೋಲುವ ಚರ್ಮ, ಮತ್ತು ಸಿಹಿಯ ಭಯ. ಆರೇಳು ಚಮಚ ಸಿಹಿ ಒಳಗೆ ಹೋದರೆ ಸಾಕು, ಅದು ತಡೆಯಿಲ್ಲದೆ ಕರುಳಿಗೆ ಸುರಿದು ಮೈಯೆಲ್ಲ ದಂಗೆಯೇಳುತ್ತಿತ್ತು.

ಆಪರೇಷನ್ ಆದಾಗ ನೋಡಲು ಬಂದಿದ್ದ ಅಣ್ಣ ಮಂಚದ ಪಕ್ಕ ನಿಂತು ಹೇಳಿದ್ದ: "ಇಷ್ಟೆಲ್ಲ ಯಾಕೋ? ನಾಲಿಗೆ ಹೊಲಿಸ್ಕೊಂಡಿದ್ರೆ ಸಾಕಾಗ್ತಿತ್ತು." ನರ್ಸು ನಕ್ಕಿದ್ದಳು. ಅವನೂ ನಕ್ಕಿದ್ದ. ನಕ್ಕಾಗ ಹೊಲಿಗೆ ಎಳೆದಿತ್ತು.

ಅಣ್ಣ ಈಜು ಕಲಿಸುವವನು. ಅವನಿಗಿಂತ ಐದು ವರ್ಷಕ್ಕೆ ದೊಡ್ಡವನು. ಮೈಯಲ್ಲಿ ಚಿವುಟಲು ಕೊಬ್ಬಿಲ್ಲ, ಒಂದು ತೊಟ್ಟು ಕುಡಿದವನಲ್ಲ. ಕಲ್ಲಾದದ್ದು ಅಣ್ಣನ ಲಿವರು. ಅದೇ ಕಾಯಿಲೆ. ತೆಳ್ಳಗಿರುವವರಿಗೂ ಬರುತ್ತದಂತೆ, ಆಚೆ ಕಾಣದೆ ಒಳಗೇ ಕೂತಿರುತ್ತದಂತೆ. ರಕ್ತಸಂಬಂಧಿ ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಡಬಹುದು ಎಂದು ಡಾಕ್ಟರು ಹೇಳಿದ ದಿನ, ಅತ್ತಿಗೆಯ ರಕ್ತದ ಗುಂಪು ಹೊಂದುವುದಿಲ್ಲ, ಮಗಳಿಗಿನ್ನೂ ಹದಿನಾರು ಎಂದು ಗೊತ್ತಾದ ಮೇಲೆ, ಕೋಣೆಯಲ್ಲಿದ್ದವರೆಲ್ಲ ತಿರುಗಿ ಅವನನ್ನು ನೋಡಿದರು. ಅವನನ್ನು ಜನ ಯಾವಾಗಲೂ ತಿರುಗಿ ನೋಡುತ್ತಿದ್ದರು. ಆದರೆ ಈ ನೋಟ ಹೊಸದು. ಹುಟ್ಟಿದಂದಿನಿಂದ ಮೊದಲ ಸಲ ಅವನ ದೇಹ ಮನೆಯವರಿಗೆ ಬೇಕಾಗಿತ್ತು.

ಅಂದಿನಿಂದ ಅತ್ತಿಗೆ ಅವನನ್ನು 'ನೀವು' ಅನ್ನತೊಡಗಿದಳು. ಇಪ್ಪತ್ತನಾಲ್ಕು ವರ್ಷ 'ನೀನು' ಅಂದಿದ್ದವಳು, ಅವನು ಬಂದಾಗಲೆಲ್ಲ ಕುರ್ಚಿ ಬದಲಾಯಿಸಿ ಕಬ್ಬಿಣದ್ದನ್ನೇ ಹಾಕುತ್ತಿದ್ದವಳು.

ಮೊದಲ ಸ್ಕ್ಯಾನಿನಲ್ಲಿ ಅವನ ಲಿವರಿನಲ್ಲಿ ಶೇಕಡಾ ಎಂಟು ಕೊಬ್ಬು ಬಂತು. "ಐದರೊಳಗೆ ಬರಬೇಕು," ಎಂದರು ಡಾಕ್ಟರು. "ಆರು ವಾರ ಸಿಹಿ, ಜಿಡ್ಡು ಬಿಡಿ. ದಿನಾ ನಡೀರಿ. ಇಷ್ಟು ಇಳಿಸಿರೋ ನಿಮಗೆ ಇದೇನ್ ಮಹಾ." ಅವನು ತಲೆಯಾಡಿಸಿದ. ಆ ಸಂಜೆ ನಡೆಯಲು ಹೋದವನು ಮೂರು ಬೀದಿಯಾಚೆಯ ಅಂಗಡಿಯಲ್ಲಿ ಒಂದು ಡಬ್ಬ ಸಿಹಿಯಾದ ಗಟ್ಟಿ ಹಾಲು ಕೊಂಡ. ಸುಮ್ಮನೆ ಒಂದು, ಅಂದುಕೊಂಡ. ಎರಡನೆಯ ವಾರದ ಹೊತ್ತಿಗೆ ತನಗೆ ತಾನೇ ಸುಳ್ಳು ಹೇಳಿಕೊಳ್ಳುವುದನ್ನು ಬಿಟ್ಟಿದ್ದ. ಹಿಂದೆ ಕದ್ದು ತಿನ್ನುವಾಗ ಸುಖವಿತ್ತು. ಈಗ ಅದೊಂದು ನೌಕರಿಯಾಗಿತ್ತು. ಹೊತ್ತಿಗೆ ಸರಿಯಾಗಿ, ಬೇಸರದಿಂದ, ಒಂದು ದಿನವೂ ತಪ್ಪಿಸದೆ.

ಇದು ಹತ್ತೊಂಬತ್ತನೆಯ ಡಬ್ಬ. ತಳ ಕೆರೆದು ಮುಗಿಸಿದ.

* * *

ಒಂಬತ್ತೂವರೆಗೆ ಕಚೇರಿಗೆ ಹೋಗಿ ರಜೆಯ ಅರ್ಜಿಗೆ ಸಹಿ ಹಾಕಿಸಬೇಕಿತ್ತು. ಅವನು ಶಾಲಾ ಪಠ್ಯಪುಸ್ತಕಗಳನ್ನು ಸಿದ್ಧಮಾಡುವ ಕಚೇರಿಯಲ್ಲಿ ರಸಾಯನಶಾಸ್ತ್ರದ ಸಂಪಾದಕ. ಬೇರೆಯವರ ತಪ್ಪು ಹುಡುಕುವುದು ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ ಪಳಗಿದ್ದ.

ಮುಖ್ಯ ಸಂಪಾದಕರು ಅರ್ಜಿಗೆ ಸಹಿ ಹಾಕುವ ಬದಲು ಎದ್ದು ನಿಂತು ಎಲ್ಲರನ್ನೂ ಕರೆದರು. "ಪುಸ್ತಕದಲ್ಲಿ ನಾವು ಒಳ್ಳೇತನದ ಪಾಠ ಹಾಕ್ತೀವಿ. ನೋಡಿ, ಪಾಠವೇ ಇಲ್ಲಿ ನಿಂತಿದೆ," ಅಂದರು. ಜನ ಚಪ್ಪಾಳೆ ಹೊಡೆದರು. ಅವನಿಗೆ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ದಪ್ಪಗಿದ್ದಾಗ ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಿದ್ದ.

ಎದುರು ಮೇಜಿನ ಕರಡು ತಿದ್ದುವ ಹೆಂಗಸು ಕಣ್ಣೊರೆಸಿಕೊಂಡಳು. ಹಿಂದೆ ಅವಳು ದಿನವೂ ತನ್ನ ಬಿಸ್ಕತ್ತಿನ ಪೊಟ್ಟಣವನ್ನು ಅವನತ್ತ ತಳ್ಳಿ ಗಂಡನ ದೂರು ಹೇಳಿಕೊಳ್ಳುತ್ತಿದ್ದಳು. ಆಗ ಅವಳಿಗೆ ಅವನು ಗಂಡಸಾಗಿರಲಿಲ್ಲ, ಒಂದು ದೊಡ್ಡ ಕಿವಿಯಾಗಿದ್ದ. ಅವನು ಇಳಿಯುತ್ತ ಹೋದಂತೆ ಅವಳ ಕುರ್ಚಿ ಹಿಂದೆ ಸರಿಯಿತು, ದೂರುಗಳು ನಿಂತವು. ಬಿಸ್ಕತ್ತೂ ನಿಂತಿತು. ಇವತ್ತು ಅವಳೇ ಬಂದು ತೋಳು ಮುಟ್ಟಿದಳು.

"ನಿಮ್ಮಷ್ಟು ಒಳ್ಳೇವ್ರನ್ನ ನಾನು ನೋಡಿಲ್ಲ ಸಾರ್."

"ಹಾಗೇನಿಲ್ಲ," ಅಂದ.

ಬೆಳಗಿನಿಂದ ಅವನು ಆಡಿದ ಮೊದಲ ನಿಜ. ಅದೂ ವಿನಯದ ಲೆಕ್ಕಕ್ಕೆ ಹೋಯಿತು.

* * *

ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಮುಂಚೆ ಅವನೊಬ್ಬನನ್ನೇ ಒಂದು ಸಣ್ಣ ಕೋಣೆಗೆ ಕರೆದರು. ಕಿಟಕಿಯಿಲ್ಲ. ಮೇಜಿನ ಮೇಲೆ ಒಂದು ಫೈಲು, ಕಣ್ಣೊರೆಸುವ ಕಾಗದದ ಡಬ್ಬಿ. ಮೇಜಿನಾಚೆ ವಯಸ್ಸಾದ ಡಾಕ್ಟರಮ್ಮ.

"ನಾನು ನಿಮ್ಮಣ್ಣನ ಡಾಕ್ಟರಲ್ಲ. ಅವರು ಬದುಕೋದು ಬಿಡೋದು ನನ್ನ ತಲೆನೋವಲ್ಲ. ಕೊಡೋರ ಪರವಾಗಿ ಇರೋದು ನನ್ನ ಕೆಲಸ. ನಾನು ನಿಮ್ಮ ಕಡೆಯವಳು."

ಅವನು ಅನುಮಾನದಿಂದ ಅವಳನ್ನು ನೋಡಿದ. ಇಂಥ ಮಾತು ಅವನಿಗೆ ರೂಢಿಯಿರಲಿಲ್ಲ.

"ಯಾರಾದ್ರೂ ಒತ್ತಾಯ ಮಾಡಿದ್ದಾರಾ?"

"ಇಲ್ಲ."

"ಭಯ ಇದೆಯಾ?"

"ಇರುತ್ತಲ್ಲ, ಎಲ್ಲರಿಗೂ."

"ನೀವು ಬೇಡ ಅಂದ್ರೆ ಕಾರಣ ಯಾರಿಗೂ ಹೋಗಲ್ಲ. 'ವೈದ್ಯಕೀಯವಾಗಿ ಹೊಂದುವುದಿಲ್ಲ' ಅಂತ ಒಂದು ಸಾಲು ಬರೀತೀನಿ. ಅಷ್ಟೇ. ನಿಮ್ಮ ಹೆಂಡತಿಗೂ ಅದಕ್ಕಿಂತ ಜಾಸ್ತಿ ಗೊತ್ತಾಗಲ್ಲ." ಅವಳು ಪೆನ್ನಿನ ಮುಚ್ಚಳ ತೆಗೆದಳು. "ಹೇಳಿ. ಬೇಡವಾ?"

ಐದೂವರೆ ವಾರ. ಹತ್ತೊಂಬತ್ತು ಡಬ್ಬ. ಟೈಲಿಗೆ ಹಣೆ ಒತ್ತಿ ಎಣಿಸಿದ ನಿಮಿಷಗಳು. ಅವನಿಗೆ ಬೇಕಾಗಿದ್ದ ಒಂದು ಸಾಲು ಇಷ್ಟು ದಿನವೂ ಈ ಪೆನ್ನಿನೊಳಗೇ ಇತ್ತು. 'ಬೇಡ' ಅಂದರೆ ಮುಗಿಯಿತು. ಅವನು ಬಾಯಿ ತೆರೆದ.

ಡಾಕ್ಟರಮ್ಮನ ಮುಖ ಸಿದ್ಧವಾಗಿತ್ತು. ಬೇಡ ಅಂದವರನ್ನು ಬೇಕಾದಷ್ಟು ನೋಡಿದ ಮುಖ. ಬೈಯುವುದಿಲ್ಲ, ಆಶ್ಚರ್ಯ ಪಡುವುದಿಲ್ಲ. ಬರೆದುಕೊಳ್ಳುತ್ತಾಳೆ. ಆಮೇಲೆ ಪ್ರಪಂಚದಲ್ಲಿ ಒಬ್ಬಳಿಗೆ, ಒಬ್ಬಳಿಗಾದರೂ, ಇವನು ಬೇಡ ಅಂದ ಎನ್ನುವುದು ಗೊತ್ತಿರುತ್ತದೆ. ಅವನಿಗೆ ಬೇಕಾಗಿದ್ದದ್ದು ಬೇರೆ. ಅವನ ದೇಹ ಬೇಡ ಅನ್ನಬೇಕು, ಅವನು ಪಕ್ಕದಲ್ಲಿ ನಿಂತು ದುಃಖಪಡಬೇಕು.

"ನಾನು ಮನಸ್ಸಾರೆ ಒಪ್ಪಿದ್ದೀನಿ," ಅಂದ. "ಅವನು ನನ್ನ ಅಣ್ಣ."

ಮಾತು ಎಷ್ಟು ಚೆನ್ನಾಗಿ ಬಂತೆಂದರೆ ಅವನ ಕಣ್ಣೇ ತುಂಬಿತು. ಡಾಕ್ಟರಮ್ಮ ಕಾಗದದ ಡಬ್ಬಿಯನ್ನು ಅವನತ್ತ ಸರಿಸಿದಳು. ಫೈಲು ತಿರುವುತ್ತ, "ಐದು ಕಿಲೋ ಜಾಸ್ತಿ ಆಗಿದ್ದೀರಿ," ಅಂದಳು.

"ಶೂ ಇತ್ತು."

ಅವಳು ಫೈಲು ನೋಡಿದಳು. ಆಮೇಲೆ ಅವನ ಕಾಲು ನೋಡಿದಳು. ಬರಿಗಾಲಿನಲ್ಲಿ ತೂಗಬೇಕೆಂದು ಆಚೆ ತೂಕದ ಯಂತ್ರದ ಪಕ್ಕದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಅವಳು ಸಹಿ ಮಾಡಿದಳು.

* * *

ಸ್ಕ್ಯಾನಿನ ಕೋಣೆಯ ಹೊರಗೆ ಗಾಲಿಕುರ್ಚಿಯಲ್ಲಿ ಅಣ್ಣ ಕುಳಿತಿದ್ದ. ಕೈಕಾಲು ಕಡ್ಡಿಯಾಗಿದ್ದವು. ಹೊಟ್ಟೆ ಮಾತ್ರ ನೀರು ತುಂಬಿಕೊಂಡು ಅಂಗಿಯ ಗುಂಡಿಗಳನ್ನು ಎಳೆಯುತ್ತಿತ್ತು. ಕಣ್ಣಿನ ಬಿಳಿಯೆಲ್ಲ ಹಳದಿ. ಅತ್ತಿಗೆ ಗಂಡನ ಬೆನ್ನಿಗೆ ದಿಂಬು ಕೊಟ್ಟು, "ನೀವು ಮಾತಾಡ್ತಿರಿ," ಎಂದು ಮೈದುನನಿಗೆ ಹೇಳಿ, ಅವನ ಹೆಂಡತಿಯನ್ನು ಕರೆದುಕೊಂಡು ಔಷಧಿ ತರಲು ಹೋದಳು.

"ಆಫೀಸಲ್ಲಿ ಏನಂದ್ರು?" ಅಣ್ಣ ಕೇಳಿದ.

"ಚಪ್ಪಾಳೆ ಹೊಡೆದ್ರು."

ಅಣ್ಣ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಅವನು ಎದುರಿನ ಗೋಡೆ ನೋಡಿದ. ಆಮೇಲೆ, ಕೇಳಬಾರದೆಂದುಕೊಂಡಿದ್ದನ್ನು ಕೇಳಿದ.

"ಅಣ್ಣಾ, ಆ ದಿನಸಿ ಗೋದಾಮಿನ ತೂಕದ ಯಂತ್ರ ನೆನಪಿದೆಯಾ?"

"ಯಾವ ಯಂತ್ರ?"

ಅವನಿಗೆ ಆಗ ಹನ್ನೊಂದು ವರ್ಷ. ಅಣ್ಣ ಮತ್ತು ಅಣ್ಣನ ನಾಲ್ಕು ಜನ ಗೆಳೆಯರು ಅವನನ್ನು ಗೋದಾಮಿನ ಹಿಂದೆ ಕರೆದುಕೊಂಡು ಹೋಗಿ, ಅಂಗಿ ಬಿಚ್ಚಿಸಿ, ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸಿದ್ದರು. ಮೊದಲು ಅವನು, ಆಮೇಲೆ ಒಂದು ಅಕ್ಕಿಯ ಮೂಟೆ. ಯಾರು ಹೆಚ್ಚು ಎಂದು ಪಂದ್ಯ. ಅವನು ಗೆದ್ದ. ಅವತ್ತಿನಿಂದ ಅವನ ಹೆಸರು ಮೂಟೆ. ಹೆಸರಿಟ್ಟವನು ಅಣ್ಣ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಹಲಗೆಯ ಮೇಲಿದ್ದವನೇ. ಬಿಕ್ಕಳಿಕೆ ಬರುವವರೆಗೆ ನಕ್ಕಿದ್ದ. ಮೂವತ್ತೈದು ವರ್ಷವಾದರೂ ಅವನಿಗೆ ಕ್ಷಮಿಸಲಾಗದೆ ಉಳಿದದ್ದು ತನ್ನ ಆ ನಗು.

"ನನ್ನ ಮೂಟೆ ಅಂತಿದ್ರಲ್ಲ, ಅದು."

"ಓ, ಅದಾ. ಸ್ಕೂಲಲ್ಲಿ ಯಾರೋ ಅಂತಿದ್ರು. ಒಬ್ಬನಿಗೆ ಹಲ್ಲು ಉದುರೋ ಹಾಗೆ ಕೊಟ್ಟಿದ್ದೆ ಕಣೋ, ನಿನ್ನ ಹಾಗಂದಿದ್ದಕ್ಕೆ. ಅಪ್ಪ ನಂಗೆ ಬಾರಿಸಿದ್ರು. ಮರೆತ್ಬಿಟ್ಯಾ?"

ಅವನು ಅಣ್ಣನ ಮುಖವನ್ನು ದಿಟ್ಟಿಸಿದ. ಸುಳ್ಳು ಹೇಳುವವನ ಮುಖವಾಗಿರಲಿಲ್ಲ. ಏನನ್ನೋ ನಿಜವಾಗಿ ನೆನೆಸಿಕೊಂಡು ಖುಷಿಪಡುತ್ತಿದ್ದ ಮುಖ. ಅಪ್ಪ ಅಣ್ಣನಿಗೆ ಯಾವತ್ತೋ ಬಾರಿಸಿದ್ದು ಅವನಿಗೂ ಮಸುಕಾಗಿ ನೆನಪಿತ್ತು. ಯಾಕೆಂದು ನೆನಪಿರಲಿಲ್ಲ. ಎರಡೂ ನಡೆದಿರಬಹುದು. ಹೆಸರಿಟ್ಟವನೂ ಹಲ್ಲು ಉದುರಿಸಿದವನೂ ಒಬ್ಬನೇ ಇರಬಹುದು. ಇದನ್ನು ಅವನಿಗೆ ಸಹಿಸಲಾಗಲಿಲ್ಲ. ದ್ವೇಷಕ್ಕೆ ಒಂದು ಜಾಗ ಬೇಕು, ಕಾಲೂರಲು.

"ಗುಣ ಆದ್ಮೇಲೆ ನಿಂಗೆ ಈಜು ಕಲಿಸ್ತೀನಿ," ಅಣ್ಣ ಅಂದ. "ಈಗ ತೇಲ್ತೀಯೋ ಇಲ್ವೋ ಗೊತ್ತಿಲ್ಲ. ಮೊದಲಾಗಿದ್ರೆ ಕಲಿಸೋದೇ ಬೇಡವಾಗಿತ್ತು."

ಅವನು ನಕ್ಕ. ಅಭ್ಯಾಸ.

ಅಷ್ಟರಲ್ಲಿ ಒಳಗೆ ಕರೆದರು. ಯಂತ್ರದ ಕೊಳವೆ ಮೂಗಿನ ಮೇಲೆ ಒಂದು ಗೇಣು ಬಿಟ್ಟು ಮುಚ್ಚಿಕೊಂಡಿತು. ಮೂರು ವರ್ಷದ ಹಿಂದೆ ಇದರೊಳಗೆ ಅವನು ಹಿಡಿಸುತ್ತಿರಲಿಲ್ಲ. ಎಲ್ಲಿಂದಲೋ ರೆಕಾರ್ಡು ಮಾಡಿದ ಹೆಣ್ಣು ದನಿ ಹೇಳಿತು: "ಉಸಿರು ಎಳೆದುಕೊಳ್ಳಿ. ಹಿಡಿದುಕೊಳ್ಳಿ. ಬಿಡಿ." ಮತ್ತೆ, "ಎಳೆದುಕೊಳ್ಳಿ. ಹಿಡಿದುಕೊಳ್ಳಿ." ನಾಲ್ಕನೆಯ ಸಲ ಉಸಿರು ಹಿಡಿದಾಗ, ತಾನು ಏನನ್ನೋ ಬೇಡಿಕೊಳ್ಳುತ್ತಿರುವುದು ಅವನ ಅರಿವಿಗೆ ಬಂತು. ಐದರೊಳಗೆ ಇರಲಿ ಎಂದೋ, ಇರದಿರಲಿ ಎಂದೋ? ಕಿವಿಗೊಟ್ಟ. ಒಳಗಿನ ದನಿ ಬೇಡುತ್ತಿತ್ತು, ಏನು ಬೇಕೆಂದು ಹೇಳುತ್ತಿರಲಿಲ್ಲ. ಕೊಳವೆ ಬಡಿದುಕೊಳ್ಳುತ್ತಿತ್ತು.

"ಬಿಡಿ," ಅಂದಿತು ಯಂತ್ರ.

* * *

ನಾಲ್ಕು ಗಂಟೆಗೆ ಲಿವರ್ ಡಾಕ್ಟರು ನಾಲ್ವರನ್ನೂ ಒಳಗೆ ಕರೆದರು. ಅಣ್ಣ ಗಾಲಿಕುರ್ಚಿಯಲ್ಲಿ, ಪಕ್ಕದಲ್ಲಿ ಅವನು, ಹಿಂದೆ ಇಬ್ಬರು ಹೆಂಗಸರು. ಡಾಕ್ಟರು ಕಂಪ್ಯೂಟರಿನ ಪರದೆಯನ್ನು ಎರಡು ಸಲ ನೋಡಿದರು.

"ಹದಿನಾಲ್ಕು," ಅಂದರು.

ಡಾಕ್ಟರು ಪರದೆಯನ್ನು ಅವರತ್ತ ತಿರುಗಿಸಿದರು.

"ಹೋದ ಸಲ ಎಂಟಿತ್ತು. ಐದಕ್ಕೆ ಇಳಿಸಿ ಅಂದ್ರೆ ಹದಿನಾಲ್ಕಕ್ಕೆ ಏರಿದೆ. ಈ ಲಿವರನ್ನ ಕೊಯ್ಯೋ ಹಾಗಿಲ್ಲ. ಕೊಟ್ಟೋರೂ ಉಳಿಯಲ್ಲ, ತಗೊಂಡೋರೂ ಉಳಿಯಲ್ಲ." ಅವನತ್ತ ತಿರುಗಿದರು. "ನಿಮ್ಮ ರಕ್ತದಲ್ಲಿ ಸಕ್ಕರೆಯೂ ವಾಪಸ್ ಬಂದಿದೆ. ಆಪರೇಷನ್ ಮಾಡಿಸ್ಕೊಂಡ್ರೆ ಕಾಯಿಲೆ ಹೋಯ್ತು ಅಂತಲ್ಲ. ಅದು ಬಾಗಿಲಾಚೆ ಕಾಯ್ತಾ ಇರುತ್ತೆ. ಹೀಗೇ ಆದ್ರೆ ನಾಳೆ ನಿಮಗೂ ಯಾರಾದ್ರೂ ಬೇಕಾಗ್ತಾರೆ."

"ಇನ್ನೊಂದು ಆರು ವಾರ…" ಹೆಂಡತಿ ಹಿಂದಿನಿಂದ ಮೆಲ್ಲಗೆ ಅಂದಳು.

ಡಾಕ್ಟರು ಅಣ್ಣನ ಹೊಟ್ಟೆ ನೋಡಿದರು. "ಇವರ ಹತ್ರ ಅಷ್ಟು ದಿನ ಇಲ್ಲ."

ಅತ್ತಿಗೆ ಬೆರಳು ಮಡಿಸುತ್ತಿದ್ದಳು. ಮಗಳಿಗೆ ಹದಿನೆಂಟಾಗಲು ಎಷ್ಟು ತಿಂಗಳೆಂದು ಎಣಿಸುತ್ತಿರಬೇಕು. ಒಂದು ಕೈಯ ಬೆರಳು ಮುಗಿದವು, ಇನ್ನೊಂದು ಕೈಯವೂ ಮುಗಿದವು, ಸಾಲದೆ ನಿಲ್ಲಿಸಿದಳು. ಅವನ ಮುಂದೆ ಬಂದು ನಿಂತಳು.

"ಏನ್ ತಿಂದೆ?"

ಅವನು ತಲೆಯೆತ್ತಿದ.

"ಹೇಳು. ಏನ್ ತಿಂದೆ ನೀನು?"

ಉತ್ತರ ಅವನ ಬಳಿ ಇತ್ತು. ಐದೂವರೆ ವಾರದಲ್ಲಿ ಅದು ತಾನಾಗಿ ತಿದ್ದಿಕೊಂಡು, ಹೆಚ್ಚಿನದೆಲ್ಲ ಉದುರಿ, ಎರಡು ಪದಕ್ಕೆ ಇಳಿದಿತ್ತು. ಈಗ ಹೇಳಬೇಕೆಂದು ಅವನಿಗೆ ವಿಪರೀತ ಆಸೆಯಾಯಿತು. ಅಲ್ಲಿದ್ದವರೆಲ್ಲ ಹೆದರಿ ಅವನನ್ನು ನೋಡಬೇಕು. ಒಂದು ಸಲ.

"ಬೇಕಂತ್ಲೇ ತಿಂದೆ," ಅಂದ.

ಅತ್ತಿಗೆಗೆ ಅರ್ಥವಾಗಲಿಲ್ಲ. "ಬೇಕು ಅನ್ನಿಸ್ತು, ತಿಂದೆ. ಅಷ್ಟೇ ತಾನೆ? ಒಂದೂವರೆ ತಿಂಗಳು ಬಾಯಿ ಕಟ್ಟೋಕೆ ಆಗ್ಲಿಲ್ವಲ್ಲ ನಿನಗೆ!"

"ಹಾಗಲ್ಲ. ನಾನು ಗೊತ್ತಿದ್ದೂ…"

"ಬಿಡೇ," ಅಂದ ಅಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ. "ಪಾಪ, ಅವನೇನ್ ಮಾಡ್ತಾನೆ. ಅವನ ಕೈಲಿ ತಡ್ಕೊಳ್ಳೋಕೆ ಆಗಲ್ಲ. ಚಿಕ್ಕಂದಿನಿಂದ ಹಾಗೇ ಅವನು."

"ಅಣ್ಣಾ, ಕೇಳು. ನಾನು ಬೇಕೂ ಅಂತ, ನೀನು…"

"ಗೊತ್ತು ಕಣೋ, ಗೊತ್ತು." ಅಣ್ಣ ತನ್ನ ಹಳದಿ ಕೈಯನ್ನು ಅವನ ಮೊಣಕಾಲಿನ ಮೇಲಿಟ್ಟು ತಟ್ಟಿದ. "ಅಳಬೇಡ."

ಅವನು ಅಳುತ್ತಿರಲಿಲ್ಲ. ಕೈ ತಟ್ಟುತ್ತಲೇ ಇತ್ತು, ಮಗುವನ್ನು ಮಲಗಿಸುವ ಹಾಗೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಎಷ್ಟು ದೊಡ್ಡ ಮನಸ್ಸು ಎನ್ನುವಂತೆ ಅಣ್ಣನನ್ನು ನೋಡಿದರು. ಅವನನ್ನು ನೋಡಿದಾಗ ಆ ಮುಖದಲ್ಲಿ ಇದ್ದದ್ದು ಸ್ವಲ್ಪ ಅಸಹ್ಯ, ಸ್ವಲ್ಪ ಕನಿಕರ. ಅವನಿಗೆ ಚೆನ್ನಾಗಿ ಪರಿಚಯವಿದ್ದ ನೋಟ. ಕೊಲೆಗಾರನಾಗಲು ಹೊರಟವನು ಹೊಟ್ಟೆಬಾಕನಾಗಿಯೇ ಉಳಿದಿದ್ದ.

* * *

ಹೊರಗೆ ಉದ್ದನೆಯ ಹಾದಿಯಲ್ಲಿ ಅತ್ತಿಗೆ ಗಾಲಿಕುರ್ಚಿ ತಳ್ಳುವ ಆಳಿನ ಜೊತೆ ಮುಂದೆ ಮುಂದೆ ಹೋದಳು. ಅವನೂ ಹೆಂಡತಿಯೂ ಹಿಂದೆ ಬಿದ್ದರು.

"ಡಬ್ಬ ಎಲ್ಲ ಆಚೆ ಹಾಕಿದ್ದೀನಿ," ಹೆಂಡತಿ ಹೇಳಿದಳು. "ನೀವು ಬಟ್ಟೆ ಬುಟ್ಟಿ ಕೆಳಗೆ ಇಡ್ತಿದ್ದಿದ್ದು. ಇವತ್ತಿಂದೂ ಸೇರಿ ಹತ್ತೊಂಬತ್ತು."

ಅವನ ಹೆಜ್ಜೆ ನಿಂತಿತು. "ಗೊತ್ತಿತ್ತಾ?"

"ಹೂಂ."

"ಮತ್ತೆ ಯಾಕೆ ಕೇಳ್ಲಿಲ್ಲ?"

ಅವಳು ಅವನ ಅಂಗಿಯ ಕಾಲರು ಸರಿಮಾಡಿದಳು. ಹದಿನೆಂಟು ವರ್ಷದಿಂದ ಹೀಗೇ ಸರಿಮಾಡುತ್ತಿದ್ದಳು. "ಕೇಳಿದ್ರೆ ನೀವು ಹೇಳ್ಬಿಡ್ತಿದ್ರಿ, ಆಮೇಲೆ ನಾನು ತಡೀಬೇಕಾಗ್ತಿತ್ತು," ಅಂದಳು. "ಬನ್ನಿ. ಅವರು ಕಾಯ್ತಿದ್ದಾರೆ."

ಐದನೆಯ ಮಹಡಿಯ ಲಿಫ್ಟಿನ ಮುಂದೆ ಜನ ಸೇರಿದ್ದರು. ಬಾಗಿಲು ತೆರೆಯಿತು. ಮೊದಲು ಗಾಲಿಕುರ್ಚಿ ಒಳಗೆ ಹೋಯಿತು. ಅಣ್ಣನ ಹೊಟ್ಟೆಯ ಮೇಲೆ ಫೈಲುಗಳ ರಾಶಿ. ತಳ್ಳುವ ಆಳು, ಅತ್ತಿಗೆ. ಆಮೇಲೆ ಇಬ್ಬರು ನರ್ಸುಗಳು, ಫ್ಲಾಸ್ಕು ಹಿಡಿದ ಮುದುಕ, ಕಾಲಿಗೆ ಪಟ್ಟಿ ಕಟ್ಟಿದ ಹೆಂಗಸು, ಅವಳ ಜೊತೆಯ ಮೂವರು. ಹೆಂಡತಿ ಜಾಗ ಮಾಡಿಕೊಂಡು ಹೋಗಿ ಅತ್ತಿಗೆಯ ಪಕ್ಕ ನಿಂತಳು. ಕೊನೆಗೆ ಅವನು ಒಂದು ಕಾಲಿಟ್ಟ. ಇನ್ನೊಂದು ಕಾಲಿಟ್ಟ.

ಗಂಟೆ ಹೊಡೆದುಕೊಂಡಿತು. ಬಾಗಿಲ ಮೇಲೆ ಕೆಂಪು ದೀಪ ಮಿನುಗಿತು. ಭಾರ ಹೆಚ್ಚಾಗಿದೆ.

ಯಾರೂ ಯಾರನ್ನೂ ಕೇಳಲಿಲ್ಲ. ಎಲ್ಲರೂ ಅವನನ್ನು ನೋಡಿದರು. ಅವನನ್ನು ಹಿಂದೆಂದೂ ಕಂಡಿರದ ಮುದುಕನೂ ನೋಡಿದ. ಹೆಂಡತಿಯೂ.

ಅವನು ಇಳಿದ.

ಬಾಗಿಲು ಮುಚ್ಚಲಿಲ್ಲ. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಒಳಗಿದ್ದವರು ಒಬ್ಬರೂ ಕದಲಲಿಲ್ಲ. ಹೊರಗೆ ನಿಂತ ಅವನನ್ನೇ ನೋಡುತ್ತಿದ್ದರು. ಅಣ್ಣ ಕಣ್ಣು ಮುಚ್ಚಿಕೊಂಡಿದ್ದ.

"ಇನ್ನೂ ಸ್ವಲ್ಪ ಹಿಂದೆ ಸರೀರಿ," ಒಳಗಿನಿಂದ ಯಾರೋ ಅಂದರು.

ಅವನು ಸರಿದ. ಇನ್ನೊಂದು ಹೆಜ್ಜೆ ಸರಿದ. ಬೆನ್ನಿಗೆ ಗೋಡೆ ತಾಗಿತು. ಉಸಿರು ಎಳೆದುಕೊಂಡು, ಹೊಟ್ಟೆಯನ್ನು ಒಳಗೆ ಹಿಡಿದು, ಗೋಡೆಗೆ ಅಂಟಿಕೊಂಡು ನಿಂತ.

ಗಂಟೆ ನಿಲ್ಲಲಿಲ್ಲ.